ಭೂಮಿಗೆ ಭಾರ

ಕೈಗೆ ಬಂದ ಮಗ ಕೆಲಸ ಕಾರ್ಯವಿಲ್ಲದೆ ಜಗಲಿಯ ಮೇಲೆ ಕಾಲ ಕಳೆಯುತ್ತಿದ್ದರೆ ನಮ್ಮ ಹಿರಿಯರು ‘ಕೂಳಿಗೆ ದಂಡ, ಭೂಮಿಗೆ ಭಾರ’ ಎಂದು ಒಂದೇ ಉಸಿರಿನಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ. ಭಾರವೆಂಬ ಶಬ್ದಕ್ಕೆ ನಮ್ಮ ಮಾತಿನಲ್ಲಿ ಅಷ್ಟೇನೂ ಮರ್ಯಾದೆಯಿಲ್ಲ. ಸಾಲ ಭಾರ, ಸಂಸಾರ ಭಾರ, ಮನಸ್ಸು ಭಾರ. ಹಗುರವಾದುದೆಲ್ಲ ಸುಖ, ಭಾರವಾದುದೆಲ್ಲ ಕಷ್ಟ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನಾನೂ ಇಷ್ಟು ವರ್ಷ ಹೀಗೆಯೇ ತಿಳಿದಿದ್ದೆ. ಕಳೆದ ಆಷಾಢದ ಒಂದು ರಾತ್ರಿ, ಮಲೆನಾಡಿನ ಒಂದು ಕೆಸರು ದಾರಿಯಲ್ಲಿ, ಈ ತಿಳಿವಳಿಕೆ ತಲೆಕೆಳಗಾಯಿತು. ನನ್ನ ತಪ್ಪಿನ ಬೆಲೆಯನ್ನು ಅಂದು ನನ್ನ ಮಾವನವರು ತೆರಬೇಕಾಗುತ್ತಿತ್ತು ಎಂಬುದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ.

ಮಾವನವರ ಮನೆ ಇರುವುದು ಕೊಪ್ಪ ತಾಲ್ಲೂಕಿನಲ್ಲಿ. ಸುತ್ತ ಅಡಕೆಯ ತೋಟ, ಹಿಂದೆ ಕಾಡು, ಮುಂದೆ ಗದ್ದೆ. ವರ್ಷಕ್ಕೆ ಸರಾಸರಿ ೭೦೦೦ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಆಗುಂಬೆ ಅಲ್ಲಿಂದ ಬಹಳ ದೂರವಿಲ್ಲ. ಆದ್ದರಿಂದ ಆಷಾಢದಲ್ಲಿ ಆ ಸೀಮೆಯವರು ಮಳೆ ನಿಂತಿತೇ ಎಂದು ಕೇಳುವುದಿಲ್ಲ. ಕೊಂಚ ಕಡಿಮೆಯಾಯಿತೇ ಎಂದು ಮಾತ್ರ ಕೇಳುತ್ತಾರೆ. ಮನೆಯಿಂದ ಟಾರು ರಸ್ತೆಗೆ ಮೂರು ಫರ್ಲಾಂಗು ಮಣ್ಣಿನ ದಾರಿ. ಅದರ ನಡುವೆ ಒಂದು ಚಡಾವು. ಬೇಸಗೆಯಲ್ಲಿ ಮಕ್ಕಳು ಸೈಕಲ್ ತುಳಿದು ಏರುವ ಆ ಚಡಾವು ಮಳೆಗಾಲದಲ್ಲಿ ಬೆಣ್ಣೆ ಸವರಿದ ಹಲಗೆಯಂತಾಗುತ್ತದೆ.

ಆ ರಾತ್ರಿ ಊಟ ಮುಗಿಸಿ ಎಲೆಯಡಕೆ ಹಾಕಿಕೊಳ್ಳುತ್ತಿದ್ದ ಮಾವನವರು ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡು ಗೋಡೆಗೆ ಒರಗಿದರು. ಹಣೆಯ ಮೇಲೆ ಬೆವರು, ಉಸಿರಿಗೆ ತೊಡಕು. ಗಾಳಿಮಳೆಗೆ ಕರೆಂಟು ಹೋಗಿ, ಅದರ ಹಿಂದೆಯೇ ಮೊಬೈಲಿನ ಸಿಗ್ನಲ್ಲೂ ಹೋಗಿತ್ತು. ಮನೆಯ ಕಾರು ದುರಸ್ತಿಗೆಂದು ಪೇಟೆಯಲ್ಲಿತ್ತು. ಅಂಗಳದಲ್ಲಿ ಉಳಿದಿದ್ದುದು ತೋಟದ ಸಾಮಾನು ಸಾಗಿಸುವ ಪಿಕಪ್ ಒಂದೇ. ಅದರಲ್ಲಿ ಅಂದು ಸಂಜೆಯಷ್ಟೇ ಪೇಟೆಯಿಂದ ತಂದ, ಐವತ್ತು ಕಿಲೋ ತೂಕದ ಎಂಟು ಗೊಬ್ಬರದ ಮೂಟೆಗಳು ತಾಡಪಾಲಿನ ಕೆಳಗೆ ಮಲಗಿದ್ದವು.

“ಭಾವ, ಮೊದಲು ಈ ಮೂಟೆಗಳನ್ನು ಇಳಿಸಿಬಿಡೋಣ. ಗಾಡಿ ಹಗುರವಾದರೆ ಬೇಗ ಹೋಗಬಹುದು” ಎಂದೆ ನಾನು.

ಚಾಲಕರು ಐವತ್ತು ದಾಟಿದವರು. ಆ ದಾರಿಯಲ್ಲಿಯೇ ಕೂದಲು ಬೆಳ್ಳಗೆ ಮಾಡಿಕೊಂಡವರು. “ಇರ್ಲಿ ಬಿಡಿ ಮೇಷ್ಟ್ರೇ, ಅವು ಇದ್ರೇ ಒಳ್ಳೇದು” ಎಂದು ಮೆಲ್ಲಗೆ ಹೇಳಿದರು. ನಾನು ಕೇಳಲಿಲ್ಲ. ಭಾರ ಕಡಿಮೆಯಾದರೆ ವೇಗ ಹೆಚ್ಚುತ್ತದೆಂಬುದನ್ನು ಅರಿಯಲು ಎಂ.ಎ. ಪದವಿಯಾದರೂ ಏಕೆ ಬೇಕು? ಮನೆಯ ಅಳಿಯ, ಅದರ ಮೇಲೆ ಕಾಲೇಜಿನ ಅಧ್ಯಾಪಕ. ನನ್ನ ಮಾತಿಗೆ ಎದುರಾಡುವುದು ಆ ಹಿರಿಯರಿಗೆ ಸಂಕೋಚವಾಗಿರಬೇಕು. ಸುಮ್ಮನೆ ತಾಡಪಾಲು ಸರಿಸಿದರು. ಮೂಟೆಗಳನ್ನೆಲ್ಲ ಜಗಲಿಗೆ ಇಳಿಸಿದೆವು. ಮುಂದಿನ ಸೀಟಿನಲ್ಲಿ ಚಾಲಕರು, ನಡುವೆ ಮಾವನವರು, ಅವರನ್ನು ಹಿಡಿದುಕೊಂಡು ಭಾವ. ನಾಲ್ಕನೆಯವನಿಗೆ ಜಾಗವಿರಲಿಲ್ಲ. ಟಾರ್ಚು ಹಿಡಿದು ಚಡಾವಿನವರೆಗೆ ನಡೆದೇ ಹೊರಟೆ.

ಪಿಕಪ್ ಚಡಾವಿನ ಅರ್ಧದವರೆಗೆ ಏರಿತು. ಅಲ್ಲಿ ಅದರ ಹಿಂಭಾಗ ಮೆಲ್ಲಗೆ ಎಡಕ್ಕೆ ವಾಲಿ ನಿಂತಿತು. ಎಂಜಿನ್ನು ಆರ್ಭಟಿಸುತ್ತಿದೆ, ಗಾಡಿ ಒಂದಂಗುಲವೂ ಮುಂದಕ್ಕೆ ಹೋಗದು. ಟಾರ್ಚಿನ ಬೆಳಕಿನಲ್ಲಿ ನೋಡಿದರೆ ಒಂದು ವಿಚಿತ್ರ. ಚರಂಡಿಯ ಅಂಚಿಗೆ ಜಾರಿದ್ದ ಎಡ ಹಿಂಚಕ್ರ ಗಿರಗಿರನೆ ತಿರುಗಿ ಕೆಸರನ್ನು ಎರಚುತ್ತಿತ್ತು; ಗಟ್ಟಿ ನೆಲದ ಮೇಲಿದ್ದ ಬಲ ಹಿಂಚಕ್ರ ಧ್ಯಾನಕ್ಕೆ ಕುಳಿತ ಮುನಿಯಂತೆ ಅಲುಗದೆ ನಿಂತಿತ್ತು. ನಾನು ಹಿಂದಕ್ಕೆ ಓಡಿ, ಹೆಗಲು ಕೊಟ್ಟು ತಳ್ಳತೊಡಗಿದೆ. ಫಲವಾಗಿ ದೊರೆತದ್ದು ಅಡಿಯಿಂದ ಮುಡಿಯವರೆಗೆ ಕೆಸರಿನ ಅಭ್ಯಂಜನ ಮಾತ್ರ. ಗಾಜಿನೊಳಗೆ ಮಾವನವರ ತಲೆ ಭಾವನ ಹೆಗಲ ಮೇಲೆ ಬಾಗಿದ್ದುದು ಕಾಣಿಸುತ್ತಿತ್ತು.

ಚಾಲಕರು ಕೆಳಗಿಳಿದರು. “ತಳ್ಳೋದು ಬೇಡ ಮಾರಾಯ್ರೇ. ಹಿಂದೆ ನಿಂತ್ರೆ ನಿಮ್ಮ ಮೇಲೇ ಬರತ್ತೆ” ಎಂದರು. ಸೀಟಿನ ಅಡಿಯಿಂದ ಎರಡು ಗೋಣಿಚೀಲ ತೆಗೆದು ತಿರುಗುತ್ತಿದ್ದ ಚಕ್ರದ ಹಿಂಬದಿಗೆ ತುರುಕಿದರು. ಪಕ್ಕದ ತೋಟದಿಂದ ಒಂದು ತೋಳು ಅಡಕೆಯ ಸೋಗೆ ಎಳೆದುತಂದು ಹಾಸಿದರು. ಎಂಜಿನ್ನಿನ ಗದ್ದಲವಿಲ್ಲದೆ, ಇಳಿಜಾರಿನ ಬಲದಿಂದಲೇ ಗಾಡಿಯನ್ನು ಮೆಲ್ಲಗೆ ಹಿಂದಕ್ಕೆ ಬಿಟ್ಟುಕೊಂಡು ಅಂಗಳಕ್ಕೆ ತಂದರು. ಆಮೇಲೆ ಅವರು ಹೇಳಿದ್ದು ಒಂದೇ ಮಾತು: “ಮೂಟೆ ಹೇರಿ.”

ಹೇರಿದೆವು. ಎಂಟು ಮೂಟೆಗಳನ್ನೂ ಹಿಂದಿನ ಅಚ್ಚಿನ ನೇರಕ್ಕೆ ಒತ್ತಾಗಿ ಜೋಡಿಸಿ, ಹಗ್ಗ ಬಿಗಿದು ಕಟ್ಟಿದರು. ನಾನು ಟಾರ್ಚು ಹಿಡಿದು ಮತ್ತೆ ನಡೆಯಲು ಅಣಿಯಾದಾಗ, “ನೀವೂ ಹತ್ತಿ ಮೇಷ್ಟ್ರೇ, ಮೂಟೆ ಮೇಲೆ ಕೂತ್ಕೊಂಡು ಹಗ್ಗ ಗಟ್ಟಿಯಾಗಿ ಹಿಡ್ಕೊಳ್ಳಿ” ಎಂದರು. ಒಂಬತ್ತನೆಯ ಮೂಟೆಯಾಗಿ ನಾನು ಕುಳಿತೆ. ಗಾಡಿ ಎರಡನೆಯ ಗೇರಿನಲ್ಲಿ, ಆತುರವಿಲ್ಲದೆ, ಎಲ್ಲಿಯೂ ನಿಲ್ಲದೆ, ಚುರುಕಾದ ನಡಿಗೆಯಷ್ಟೇ ವೇಗದಲ್ಲಿ ಚಡಾವನ್ನು ಏರಿತು. ಹಿಂದಿನ ಚಕ್ರಗಳು ಒಮ್ಮೆ ತಡಕಾಡಿದವು. ನನ್ನ ಎದೆ ನಿಂತಂತಾಯಿತು. ಮತ್ತೆ ನೆಲವನ್ನು ಕಚ್ಚಿ ಹಿಡಿದವು. ಟಾರು ರಸ್ತೆ ಸಿಕ್ಕಿದಾಗ ಚಾಲಕರು ಗಾಡಿ ನಿಲ್ಲಿಸಿ, “ಇನ್ನು ನೀವು ಇಳೀಬಹುದು” ಎಂದರು. ನನ್ನ ಕೆಲಸ ಮುಗಿದಿತ್ತು. ಗಾಡಿಯ ಹಿಂದಿನ ಕೆಂಪು ದೀಪಗಳು ಮಳೆಯಲ್ಲಿ ಕರಗುವವರೆಗೆ ನಿಂತಿದ್ದು, ಕೆಸರು ತುಳಿಯುತ್ತ ಮನೆಗೆ ಮರಳಿದೆ.

ಅಂದು ನಾವು ಕಳೆದುಕೊಂಡದ್ದು ಸುಮಾರು ಮುಕ್ಕಾಲು ಗಂಟೆ. ಎದೆನೋವಿನ ರೋಗಿಗೆ ಮುಕ್ಕಾಲು ಗಂಟೆಯೆಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. ದೈವಕೃಪೆ ದೊಡ್ಡದು. ಪೇಟೆಯ ವೈದ್ಯರು ಕೂಡಲೇ ಚಿಕಿತ್ಸೆ ಕೊಟ್ಟರು, ಮರುದಿನ ಶಿವಮೊಗ್ಗಕ್ಕೆ ಕರೆದೊಯ್ದರು, ಮಾವನವರು ಉಳಿದರು. ಆದರೆ ಆ ರಾತ್ರಿ ನನ್ನ ಮನಸ್ಸಿನಲ್ಲಿ ಮೂಡಿದ ಪ್ರಶ್ನೆ ಬಿಡಲಿಲ್ಲ. ನಾಲ್ಕು ಕ್ವಿಂಟಲ್ ಇಳಿಸಿದಾಗ ಏರದ ಗಾಡಿ, ನಾಲ್ಕು ಕ್ವಿಂಟಲ್ ಹೇರಿದಾಗ ಹೇಗೆ ಏರಿತು?

ಊರಿಗೆ ಮರಳಿದ ಮೇಲೆ ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರ ಮುಂದೆ ಈ ಪ್ರಶ್ನೆಯನ್ನಿಟ್ಟೆ. ಅವರು ನಕ್ಕು, “ನೀವು ಎತ್ತಿನ ಗಾಡಿಯ ಶಾಸ್ತ್ರವನ್ನು ಮೋಟಾರಿಗೆ ಅನ್ವಯಿಸಿದಿರಿ” ಎಂದರು. ಎತ್ತಿನ ಗಾಡಿಯಲ್ಲಿ ನೆಲವನ್ನು ಹಿಡಿದು ಎಳೆಯುವುದು ಎತ್ತಿನ ಗೊರಸು. ಚಕ್ರ ಸುಮ್ಮನೆ ಉರುಳುತ್ತದೆ. ಆದ್ದರಿಂದ ಅಲ್ಲಿ ಗಾಡಿಯ ಹೊರೆ ಬಹುಮಟ್ಟಿಗೆ ಹೊರೆಯೇ. ಹಿಂಚಕ್ರಗಳಿಗೆ ಮಾತ್ರ ಎಂಜಿನ್ನಿನ ಬಲ ತಲಪುವ ಪಿಕಪ್ಪಿನಲ್ಲಿಯಾದರೋ ಆ ಎರಡು ಚಕ್ರಗಳೇ ಎತ್ತುಗಳು. ನೆಲಕ್ಕೂ ಅವಕ್ಕೂ ಇರುವ ಹಿಡಿತವೇ ಗಾಡಿಯ ಬಾಳು. ಆ ಹಿಡಿತ ಹುಟ್ಟುವುದು ಘರ್ಷಣೆಯಿಂದ. ಮೇಲಿನಿಂದ ಒತ್ತುವ ಭಾರ ಹೆಚ್ಚಿದಷ್ಟೂ ಘರ್ಷಣೆ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂಬ ನಿಯಮವನ್ನು ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದ. ೧೬೯೯ರಲ್ಲಿ ಗಿಯೋಮ್ ಅಮೊಂತೊ ಎಂಬ ಫ್ರೆಂಚ್ ವಿಜ್ಞಾನಿ ಅದನ್ನು ಲೋಕದ ಮುಂದಿಟ್ಟ.

ಸಾಮಾನು ಹೊರಲೆಂದೇ ಹುಟ್ಟಿದ ಪಿಕಪ್ಪಿನ ರಚನೆಯನ್ನು ನೋಡಿ. ಎಂಜಿನ್ನು, ಗೇರಿನ ಪೆಟ್ಟಿಗೆ, ಚಾಲಕ ಎಲ್ಲರೂ ಮುಂದೆ. ಹಿಂದೆ ಬರಿಯ ತಗಡಿನ ತೊಟ್ಟಿ. ತೊಟ್ಟಿ ಬರಿದಾಗಿದ್ದರೆ ದುಡಿಯಬೇಕಾದ ಚಕ್ರಗಳ ಮೇಲೆಯೇ ಭಾರ ಕಡಿಮೆ. ಮಿತ್ರರು ಲೆಕ್ಕಕ್ಕೆ ಸುಲಭವಾದ ಅಂಕಿಗಳನ್ನು ಹಿಡಿದು ಕಾಗದದ ಮೇಲೆ ಬರೆದು ತೋರಿಸಿದರು. ಬರಿದಾದ ಗಾಡಿ ೧೭೦೦ ಕಿಲೋ. ಅದರಲ್ಲಿ ಹಿಂಚಕ್ರಗಳ ಮೇಲೆ ಬೀಳುವುದು ೭೦೦. ಒದ್ದೆ ಮಣ್ಣು ಭಾರದ ನೂರಕ್ಕೆ ೩೦ರಷ್ಟು ಹಿಡಿತ ಕೊಡುತ್ತದೆಂದುಕೊಂಡರೆ ದೊರೆಯುವ ಎಳೆತ ೨೧೦ ಕಿಲೋ. ಇನ್ನು ಖರ್ಚು: ಹನ್ನೆರಡಡಿಗೆ ಒಂದಡಿ ಏರುವ ಚಡಾವು ಕೇಳುವುದು ಸುಮಾರು ೧೪೦; ಚಕ್ರವನ್ನು ಕೆಸರು ತಡೆಯುವುದಕ್ಕೆ, ನೂರಕ್ಕೆ ೪ರಂತೆ, ಸುಮಾರು ೭೦. ಸಂಬಳ ೨೧೦, ಖರ್ಚೂ ೨೧೦! ತಿಂಗಳ ಕೊನೆಯ ಅಧ್ಯಾಪಕನ ಸ್ಥಿತಿ. ಎಲ್ಲಿಯಾದರೂ ಒಂದಿಷ್ಟು ಹೆಚ್ಚು ಜಾರಿದರೆ ದಿವಾಳಿ.

ಈಗ ೪೦೦ ಕಿಲೋ ಗೊಬ್ಬರವನ್ನು ಹಿಂದಿನ ಅಚ್ಚಿನ ನೇರಕ್ಕೆ ಹೇರಿ. ಹಿಂಚಕ್ರಗಳ ಮೇಲೆ ೧೧೦೦, ಎಳೆತ ೩೩೦. ಗಾಡಿಯ ಒಟ್ಟು ತೂಕ ಹೆಚ್ಚಿದ್ದರಿಂದ ಖರ್ಚೂ ಏರಿತು, ಆದರೆ ಸುಮಾರು ೨೬೦ಕ್ಕೆ ಮಾತ್ರ. ಉಳಿತಾಯ ೭೦. ಹೇರಿದ ಪ್ರತಿಯೊಂದು ಕ್ವಿಂಟಲ್ ೩೦ ಕಿಲೋ ಎಳೆತವನ್ನು ಗಳಿಸಿ, ತನ್ನ ಊಟಕ್ಕೆ ಹನ್ನೆರಡು ಚಿಲ್ಲರೆಯನ್ನು ಮಾತ್ರ ತೆಗೆದುಕೊಂಡಿತು. ನಾನು ಇಳಿಸಿದ್ದು ಹೊರೆಯನ್ನಲ್ಲ, ದುಡಿಯುವ ಆಳುಗಳನ್ನು. ಅಮೆರಿಕ, ಕೆನಡಾಗಳಲ್ಲಿ ಹಿಮ ಬೀಳುವ ತಿಂಗಳುಗಳಲ್ಲಿ ಪಿಕಪ್ಪಿನ ಒಡೆಯರು ತೊಟ್ಟಿಯಲ್ಲಿ ಮರಳಿನ ಮೂಟೆಗಳನ್ನು ಇಟ್ಟುಕೊಂಡೇ ತಿರುಗುವುದು ಈ ಕಾರಣದಿಂದಲೇ. ಸಿಕ್ಕಿಬಿದ್ದಾಗ ಮೂಟೆಯ ಬಾಯಿ ಬಿಚ್ಚಿ ಆ ಮರಳನ್ನೇ ಚಕ್ರದಡಿಗೆ ಸುರಿಯಲೂಬಹುದು.

ಹಾಗೆಂದು ಭಾರವನ್ನು ಎಲ್ಲೆಂದರಲ್ಲಿ ಹೇರುವಂತಿಲ್ಲ. ಹಿಂಭಾರವಾದರೆ ಎತ್ತಿನ ಗಾಡಿಯ ಮೂಕಿ ಮೇಲೇಳುತ್ತದೆಂಬುದು ಹಳ್ಳಿಯ ಹುಡುಗನಿಗೂ ಗೊತ್ತು. ಪಿಕಪ್ಪಿನಲ್ಲಿಯೂ ಅಷ್ಟೆ. ಮೂಟೆಗಳನ್ನು ತೀರ ಹಿಂದಿನ ಬಾಗಿಲಿನ ಬಳಿ ಇಟ್ಟರೆ ಮುಂಚಕ್ರಗಳು ಹಗುರಾಗಿ, ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಅಚ್ಚಿನ ನೇರಕ್ಕೆ, ಇಲ್ಲವೆ ಅದಕ್ಕಿಂತ ಕೊಂಚ ಮುಂದಕ್ಕೆ ಇಡುವುದು ಕ್ಷೇಮ. ಬಿಗಿದು ಕಟ್ಟದಿದ್ದರೆ ಬ್ರೇಕು ಒತ್ತಿದಾಗ ಮೂಟೆ ಮುಂದಕ್ಕೆ ನುಗ್ಗುತ್ತದೆ. ಗಾಡಿಗೆ ವಿಧಿಸಿದ ಹೊರೆಯ ಮಿತಿಯನ್ನೂ ಮೀರಬಾರದು. ಅಲ್ಲದೆ ನೆಲ ತೀರ ನುಣ್ಣಗಾಗಿ, ಹಿಡಿತ ಭಾರದ ನೂರಕ್ಕೆ ಹನ್ನೆರಡಕ್ಕಿಂತ ಕೆಳಗಿಳಿದರೆ ನಮ್ಮ ಲೆಕ್ಕವೇ ತಿರುಗಿಬೀಳುತ್ತದೆ: ಆಗ ಹೇರಿದ ಕ್ವಿಂಟಲ್ ಗಳಿಸುವುದಕ್ಕಿಂತ ಹೆಚ್ಚು ತಿನ್ನುತ್ತದೆ. ಇನ್ನು, ನನ್ನಂತೆ ಮನುಷ್ಯರು ತೊಟ್ಟಿಯಲ್ಲಿ ಕೂರುವುದು ಕಾನೂನಿಗೂ ವಿರುದ್ಧ, ಪ್ರಾಣಕ್ಕೂ ಅಪಾಯ. ಆ ಒಂದು ಚಡಾವಿನ ಮಾತನ್ನು ವಾಚಕರು ಮೇಲ್ಪಂಕ್ತಿಯಾಗಿ ತೆಗೆದುಕೊಳ್ಳಬಾರದು.

ಒಂದು ಚಕ್ರ ತಿರುಗಿ ಇನ್ನೊಂದು ಧ್ಯಾನಕ್ಕೆ ಕುಳಿತ ರಹಸ್ಯವನ್ನೂ ಕೇಳಿದೆ. ಗಾಡಿ ತಿರುವಿನಲ್ಲಿ ಹೋಗುವಾಗ ಹೊರಗಿನ ಚಕ್ರ ಒಳಗಿನ ಚಕ್ರಕ್ಕಿಂತ ಹೆಚ್ಚು ದೂರ ಕ್ರಮಿಸಬೇಕು. ಅದಕ್ಕಾಗಿ ಎರಡಕ್ಕೂ ಬೇರೆ ಬೇರೆ ವೇಗದಲ್ಲಿ ತಿರುಗಲು ಅವಕಾಶ ಕೊಡುವ ಹಲ್ಲುಗಾಲಿಗಳ ಕೂಟವೊಂದು ಅಚ್ಚಿನ ನಡುವೆ ಇದೆ; ಅದೇ ಡಿಫರೆನ್ಷಿಯಲ್. ಒನೆಸಿಫೋರ್ ಪೆಕ್ಯೂರ್ ಎಂಬ ಫ್ರೆಂಚ್ ಯಂತ್ರಜ್ಞ ೧೮೨೦ರ ದಶಕದಲ್ಲಿ ಉಗಿಬಂಡಿಗೆಂದು ಇದನ್ನು ರೂಪಿಸಿದ. ಇದರ ಸ್ವಭಾವ ಸಮಭಾಗದ ಹಂಚಿಕೆ: ಎರಡು ಚಕ್ರಗಳಿಗೂ ಸರಿಸಮ ಬಲ. ಆದರೆ ಕೆಸರಿನಲ್ಲಿರುವ ಚಕ್ರ ಸ್ವಲ್ಪ ಬಲಕ್ಕೇ ಜಾರಿ ತಿರುಗಿಬಿಡುತ್ತದೆ. ಆಗ ಗಟ್ಟಿ ನೆಲದ ಮೇಲಿರುವ ಚಕ್ರಕ್ಕೂ ಅಷ್ಟೇ ಸ್ವಲ್ಪ ಬಲ ದಕ್ಕುತ್ತದೆ. ಅಣ್ಣ ತಮ್ಮಂದಿರಲ್ಲಿ ಒಬ್ಬ ದುಂದುಗಾರನಾದರೆ ಇನ್ನೊಬ್ಬನ ಕೈಗೂ ಕಾಸು ಸಿಕ್ಕದಂತೆ.

ಇದಕ್ಕೆ ಪರಿಹಾರವುಂಟು. ಹ್ಯಾಂಡ್‌ಬ್ರೇಕು ಹಿಂಚಕ್ರಗಳನ್ನು ಹಿಡಿಯುವಂಥ ಗಾಡಿಯಾದರೆ, ಅದನ್ನು ಒಂದೆರಡು ಹಲ್ಲಿನಷ್ಟು ಮಾತ್ರ ಎಳೆದು ಮೆಲ್ಲಗೆ ಆಕ್ಸಿಲರೇಟರ್ ಒತ್ತಿದರೆ, ಪುಕ್ಕಟೆ ತಿರುಗುತ್ತಿದ್ದ ಚಕ್ರಕ್ಕೆ ತಡೆ ಬಿದ್ದು ಇನ್ನೊಂದಕ್ಕೆ ಹೆಚ್ಚು ಬಲ ಹೋಗುತ್ತದೆ. ಹೊರಬಂದ ಕೂಡಲೇ ಬಿಟ್ಟುಬಿಡಬೇಕು. ಇಲ್ಲದಿದ್ದರೆ ಬ್ರೇಕು ಸುಡುತ್ತದೆ. ಖಾಯಂ ಪರಿಹಾರ ಬೇಕೆನ್ನುವವರಿಗೆ ಜಾರುವಿಕೆಗೆ ಮಿತಿ ಹಾಕುವ ಡಿಫರೆನ್ಷಿಯಲ್ಲುಗಳಿವೆ. ೧೯೩೦ರ ದಶಕದಲ್ಲಿ ಜರ್ಮನಿಯ ರೇಸಿನ ಕಾರುಗಳ ಚಕ್ರ ಜಾರುವುದನ್ನು ತಡೆಯಲು ಬಳಕೆಗೆ ಬಂದ ಈ ಏರ್ಪಾಡು ಇಂದು ಹಲವು ಸಾಮಾನು ಗಾಡಿಗಳಿಗೂ ದೊರೆಯುತ್ತದೆ. ಬೆಲೆ ಹೆಚ್ಚು, ಪ್ರತಿದಿನ ಕೆಸರು ತುಳಿಯುವವರಿಗೆ ಮಾತ್ರ ತಕ್ಕದ್ದು.

ಅದಕ್ಕೆ ಮೊದಲು ನೋಡಬೇಕಾದುದು ಟೈರನ್ನು. ಟೈರಿನ ಗೀರುಗಳ ಆಳ ೧.೬ ಮಿಲಿಮೀಟರಿಗಿಂತ ಕಡಿಮೆಯಿರಬಾರದೆಂದು ನಮ್ಮ ಮೋಟಾರು ವಾಹನ ನಿಯಮ ಹೇಳುತ್ತದೆ. ಇದು ಕಾನೂನಿನ ಮಿತಿಯಷ್ಟೆ. ಮಲೆನಾಡಿನ ಮಳೆಗೆ ಅದು ಏನೇನೂ ಸಾಲದು. ನುಣ್ಣಗಾದ ಟೈರು ಕೆಸರಿನ ಮೇಲೆ ಹೋಗುವುದು ಸವೆದ ಚಪ್ಪಲಿ ಹಾಕಿಕೊಂಡು ಪಾಚಿಗಟ್ಟಿದ ಬಾವಿಕಟ್ಟೆಯ ಮೇಲೆ ನಡೆದಂತೆ. ಗಾಳಿಯ ಒತ್ತಡವೂ ಮುಖ್ಯ. ಮೆತ್ತನೆಯ ನೆಲದಲ್ಲಿ ಒತ್ತಡವನ್ನು ತುಸು ಇಳಿಸಿದರೆ ಟೈರಿನ ಪಾದ ಅಗಲವಾಗಿ, ಚಕ್ರ ಹೂಳದೆ ಮೇಲೆಯೇ ನಡೆಯುತ್ತದೆ. ಆದರೆ ಟಾರು ರಸ್ತೆ ಸೇರಿದೊಡನೆ ಮತ್ತೆ ಗಾಳಿ ತುಂಬಿಸಬೇಕು. ಗಾಳಿ ಕಡಿಮೆಯಾದ ಟೈರು ವೇಗದಲ್ಲಿ ಕಾದು ಒಡೆಯುವ ಭಯವುಂಟು. ಶಾಕ್ ಅಬ್ಸಾರ್ಬರನ್ನೂ ಮರೆಯಬಾರದು. ಬರಿದಾದ ಪಿಕಪ್ಪಿನ ಪಟ್ಟಿ ಸ್ಪ್ರಿಂಗುಗಳು ಬಲು ಬಿರುಸು. ಅದು ಸವೆದಿದ್ದರೆ ಹಳ್ಳದಿಣ್ಣೆಗಳಲ್ಲಿ ಹಿಂಚಕ್ರ ಕುಪ್ಪಳಿಸುತ್ತದೆ. ಗಾಳಿಯಲ್ಲಿರುವ ಚಕ್ರಕ್ಕೆ ನೆಲದ ಹಿಡಿತವೆಲ್ಲಿಯದು?

ಮಲೆನಾಡಿನ ಜೀಪುಗಳ ಚಕ್ರಕ್ಕೆ ಮಳೆಗಾಲದಲ್ಲಿ ಸರಪಳಿ ಸುತ್ತುವುದನ್ನು ಆ ಕಡೆಯ ವಾಚಕರು ಕಂಡಿದ್ದೀರಿ. ಅದರ ಮೂಲವೂ ಸ್ವಾರಸ್ಯವಾಗಿದೆ. ಜಾರು ರಸ್ತೆಯಲ್ಲಿ ಮೋಟಾರಿನವರು ಚಕ್ರಕ್ಕೆ ಹಗ್ಗ, ಬಳ್ಳಿ ಸುತ್ತಿಕೊಳ್ಳುತ್ತಿದ್ದುದನ್ನು ಕಂಡು ಅಮೆರಿಕದ ಹ್ಯಾರಿ ವೀಡ್ ಎಂಬಾತನಿಗೆ ಸರಪಳಿಯ ಯೋಚನೆ ಹೊಳೆಯಿತಂತೆ. ೧೯೦೪ರಲ್ಲಿ ಆತ ಅದಕ್ಕೆ ಪೇಟೆಂಟ್ ಪಡೆದ. ಪಿಕಪ್ಪಿಗಾದರೆ ಸರಪಳಿಯನ್ನು ಬಲವಿರುವ ಹಿಂಚಕ್ರಗಳಿಗೇ ಕಟ್ಟಬೇಕು, ಟಾರು ರಸ್ತೆಯಲ್ಲಿ ಬಿಚ್ಚಬೇಕು.

ಇವೆಲ್ಲಕ್ಕಿಂತ ಅಗ್ಗವಾದ ಉಪಕರಣವೆಂದರೆ ಚಾಲಕನ ಬಲಗಾಲಿನ ತಾಳ್ಮೆ. ಉರುಳುವ ಚಕ್ರಕ್ಕಿರುವ ಹಿಡಿತ ಜಾರುವ ಚಕ್ರಕ್ಕಿಲ್ಲ. ಜಾರತೊಡಗಿದಾಗ ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ತನ್ನ ಗೋರಿಯನ್ನು ತಾನೇ ತೋಡಿಕೊಳ್ಳುತ್ತದೆ. ಕಾಲು ಸಡಿಲಿಸಬೇಕು, ಎರಡನೆಯ ಗೇರಿನಲ್ಲಿ ಹೊರಟು ಚಕ್ರಕ್ಕೆ ಹೋಗುವ ಬಲದ ಅಬ್ಬರವನ್ನು ತಗ್ಗಿಸಬೇಕು, ಚಡಾವಿನ ನಡುವೆ ನಿಲ್ಲದಂತೆ ಕೆಳಗಿನಿಂದಲೇ ಒಂದೇ ಸಮನಾದ ಗತಿಯಲ್ಲಿ ಬರಬೇಕು. ನಮ್ಮ ಆ ಹಿರಿಯ ಚಾಲಕರು ಅಮೊಂತೊನ ಹೆಸರು ಕೇಳಿದವರಲ್ಲ. ಆದರೆ ಅವರು ಅಂದು ಮಾಡಿದ್ದೆಲ್ಲವೂ ಶಾಸ್ತ್ರಕ್ಕೆ ಸಮ್ಮತವಾಗಿತ್ತು. ಶಾಸ್ತ್ರದ ಹೆಸರಿನಲ್ಲಿ ನಾನು ಮಾಡಿದ್ದು ಮಾತ್ರ ಅಶಾಸ್ತ್ರೀಯವಾಗಿತ್ತು.

ದಸರೆಯ ರಜೆಯಲ್ಲಿ ಮತ್ತೆ ಅಲ್ಲಿಗೆ ಹೋಗಿದ್ದೆ. ಮಾವನವರು ಜಗಲಿಯ ಮೇಲೆ ಎಂದಿನಂತೆ ಕುಳಿತಿದ್ದರು. ಎಲೆಯಡಕೆಗೆ ಮಾತ್ರ ಅತ್ತೆಯವರ ಕಾವಲು ಬಂದಿತ್ತು. ಅಂದಿನ ತಪ್ಪನ್ನು ಎಷ್ಟು ದಿನ ಒಳಗೇ ಇಟ್ಟುಕೊಳ್ಳುವುದು? “ಮೂಟೆ ಇಳಿಸಿ ಎಂದವನು ನಾನೇ. ಚಾಲಕರು ಬೇಡವೆಂದಿದ್ದರು” ಎಂದು ಹೇಳಿಬಿಟ್ಟೆ. ಅವರು ಇದನ್ನು ಮಾವನವರಿಗೆ ಅಷ್ಟರಲ್ಲಿ ಹೇಳಿರಬಹುದೆಂದುಕೊಂಡಿದ್ದೆ. ಅವರು ಯಾರಲ್ಲಿಯೂ ಬಾಯಿ ಬಿಟ್ಟಿರಲಿಲ್ಲ. ಅಂಗಳದಲ್ಲಿ ಗಾಡಿ ತೊಳೆಯುತ್ತಿದ್ದ ಆ ಹಿರಿಯರು ತಲೆ ಎತ್ತದೆ ತಮ್ಮ ಕೆಲಸದಲ್ಲಿಯೇ ಇದ್ದರು. ಎದ್ದುಹೋಗಿ ಅವರ ಕೈಯ ಬಕೆಟ್ಟನ್ನು ನಾನು ಹಿಡಿದುಕೊಂಡೆ.

ಮಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೆಲ್ಲಗೆ ನಕ್ಕರು.

“ಮನೆ ಅಳಿಯ ಭೂಮಿಗೆ ಭಾರ ಅಂತ ಊರವರು ಹೇಳ್ತಾರೆ. ನೀವು ಆವತ್ತು ಮೂಟೆ ಮೇಲೆ ಭಾರವಾಗಿ ಕೂತಿದ್ದಕ್ಕೇ ಅಲ್ಲವೇ, ನಾನು ಇವತ್ತು ಇಲ್ಲಿ ಕೂತಿರೋದು?”